ಕೆಲಸ ಮುಗಿದಿದೆ, ಹಣ ಬಂದಿಲ್ಲ: ತುಂಡು ಗುತ್ತಿಗೆದಾರರ ಮುಂದಿರುವ ದಾರಿಗಳು

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಗೌಂಡಿಗಳು, ಮೇಸ್ತ್ರಿಗಳು ಹಾಗೂ ತುಂಡು ಗುತ್ತಿಗೆದಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



2025ರ ಮಾರ್ಚ್ ತಿಂಗಳಲ್ಲಿ ರಾಜ್ಯದ ವಿಧಾನಮಂಡಲವು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ಎರಡು ಕೋಟಿ ರೂಪಾಯಿವರೆಗಿನ ಸರಕಾರಿ ಕಾಮಗಾರಿಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇಕಡಾ ನಾಲ್ಕರಷ್ಟನ್ನು ಕಾದಿರಿಸುವುದು ಅದರಲ್ಲಿತ್ತು. ಸದನದಲ್ಲಿ ಗದ್ದಲವಾಯಿತು. ದೂರದರ್ಶನ ವಾಹಿನಿಗಳು ವಾರಗಟ್ಟಲೆ ಅದನ್ನೇ ಅರೆದವು. ಏಪ್ರಿಲ್‌ನಲ್ಲಿ ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಒಂದು ಪಕ್ಷ ಅದನ್ನು ಓಲೈಕೆ ಎಂದಿತು, ಇನ್ನೊಂದು ಪಕ್ಷ ಸಾಮಾಜಿಕ ನ್ಯಾಯವೆಂದಿತು. ಗುತ್ತಿಗೆ ಯಾರಿಗೆ ಸಿಗಬೇಕು ಎಂಬುದರ ಮೇಲೆ ಅಷ್ಟೊಂದು ಮಾತು ಹರಿಯಿತು. ಆದರೆ ಗುತ್ತಿಗೆ ಪಡೆದವನ ಕೆಳಗೆ ಸೆಂಟ್ರಿಂಗ್ ಕಟ್ಟಿದವನಿಗೆ, ಪ್ಲಾಸ್ಟರ್ ಮಾಡಿದವನಿಗೆ, ಚರಂಡಿಗೆ ಕಲ್ಲು ಜೋಡಿಸಿದವನಿಗೆ ಹಣ ಯಾವಾಗ ಸಿಗಬೇಕು ಎಂಬ ಪ್ರಶ್ನೆ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಈ ಸಭಾಂಗಣದಲ್ಲಿ ಕುಳಿತವರಲ್ಲಿ ಸ್ವಂತ ಹೆಸರಿನಲ್ಲಿ ಟೆಂಡರ್ ಹಾಕುವ ಶಕ್ತಿಯುಳ್ಳವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಚದರಡಿ ಲೆಕ್ಕದಲ್ಲಿ, ಬ್ರಾಸ್ ಲೆಕ್ಕದಲ್ಲಿ, ಇಲ್ಲವೇ ‘ಇಷ್ಟಕ್ಕೆ ಮುಗಿಸಿಕೊಡು’ ಎಂಬ ಬಾಯಿಮಾತಿನಲ್ಲಿ ಕೆಲಸ ಹಿಡಿಯುವವರು. ಕಟ್ಟಡ ಏಳುತ್ತದೆ, ಉದ್ಘಾಟನೆಯ ಫಲಕದಲ್ಲಿ ಶಾಸಕರ, ಸಚಿವರ, ಗುತ್ತಿಗೆದಾರರ ಹೆಸರು ಕೆತ್ತಲ್ಪಡುತ್ತದೆ. ಕಟ್ಟಿದವನ ಹೆಸರು ಫಲಕದಲ್ಲಿರುವುದಿಲ್ಲ. ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಆದರೆ ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ ಎಂಬುದೇ ಇಂದಿನ ನಮ್ಮ ವಿಷಯ. ಹಣ ಬಾರದೆ ಕಂಗಾಲಾದವನಿಗೆ ಈ ದೇಶದ ಕಾನೂನಿನಲ್ಲಿ ದಾರಿಗಳಿಲ್ಲವೇ? ಇವೆ, ಒಂದಲ್ಲ, ಹಲವಿವೆ. ಅವುಗಳಲ್ಲಿ ಬಹುಪಾಲು ಎರಡು ಕಾರಣಗಳಿಂದ ಮುಚ್ಚಿಹೋಗುತ್ತವೆ. ಕಾಗದ ಇರುವುದಿಲ್ಲ, ಅಥವಾ ದಾಕ್ಷಿಣ್ಯದಲ್ಲಿ ಕಾಯುತ್ತಾ ಕುಳಿತು ಅವಧಿ ಮೀರಿರುತ್ತದೆ.

ಮೊದಲು ಕಾಲದ ಮಾತು. 1963ರ ಕಾಲಪರಿಮಿತಿ ಕಾಯ್ದೆಯ ಪ್ರಕಾರ, ಹಣ ಕೊಡುವ ದಿನ ನಿಗದಿಯಾಗಿಲ್ಲದ ಕೆಲಸದ ಕೂಲಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಈ ಮೂರು ವರ್ಷ ಎಲ್ಲಿಂದ ಎಣಿಸಲ್ಪಡುತ್ತದೆ? ನೀವು ಕೊನೆಯ ಬಾರಿ ಅವನ ಮನೆಗೆ ಹೋಗಿ ಕೇಳಿದ ದಿನದಿಂದಲ್ಲ, ಅವನು ‘ಮುಂದಿನ ತಿಂಗಳು’ ಎಂದು ಹೇಳಿದ ದಿನದಿಂದಲೂ ಅಲ್ಲ. ಕೆಲಸ ಮುಗಿದ ದಿನದಿಂದ. ‘ಬಿಲ್ ಆಗಿಲ್ಲ ಭಾಯಿ, ಆದ ಕೂಡ್ಲೆ ಕೊಡ್ತೀನಿ’ ಎಂಬ ಒಂದು ವಾಕ್ಯದ ಬಲದಿಂದ ಎಷ್ಟೋ ಮಂದಿ ಈ ಮೂರು ವರ್ಷಗಳನ್ನು ದಾಟಿಸಿಬಿಡುತ್ತಾರೆ. ಮೂರು ವರ್ಷ ಮೀರಿದ ಮೇಲೆ ವಕೀಲರ ಬಳಿ ಹೋದರೆ ಅವರು ತಲೆ ಅಲ್ಲಾಡಿಸುವುದಲ್ಲದೆ ಇನ್ನೇನು ಮಾಡಿಯಾರು?

ಇದಕ್ಕೆ ಕಾನೂನೇ ಒಂದು ಉಪಾಯವನ್ನು ಇಟ್ಟಿದೆ. ಅವಧಿ ಮುಗಿಯುವ ಮುನ್ನ ಸಾಲಗಾರನು ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಮಾಡಿಕೊಟ್ಟರೆ ಅಂದಿನಿಂದ ಮೂರು ವರ್ಷ ಹೊಸದಾಗಿ ಆರಂಭವಾಗುತ್ತದೆ. ಬಾಕಿಯಲ್ಲಿ ಒಂದಂಶವನ್ನು ಕೊಟ್ಟು ಅದು ಅವನ ಬರಹದಲ್ಲಿ ದಾಖಲಾದರೂ ಹಾಗೆಯೇ. ಆದ್ದರಿಂದ ಐದು ಸಾವಿರ ಕೊಟ್ಟು ಸಮಾಧಾನ ಹೇಳಿ ಕಳಿಸುವವನಿಂದ ಆ ಐದು ಸಾವಿರದ ಜೊತೆಗೆ ಒಂದು ಚೀಟಿಯನ್ನೂ ಪಡೆಯಿರಿ. ಒಟ್ಟು ಇಷ್ಟು, ಈವರೆಗೆ ಕೊಟ್ಟಿದ್ದು ಇಷ್ಟು, ಉಳಿದಿದ್ದು ಇಷ್ಟು, ತಾರೀಖು, ಸಹಿ. ಹಣ ಬ್ಯಾಂಕ್ ಖಾತೆಯ ಮೂಲಕವೇ ಬರಲಿ. ಮೊಬೈಲಿನ ವಾಟ್ಸ್‌ಆ್ಯಪ್ ಸಂದೇಶಗಳು ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತವೆ, ಅಳಿಸಬೇಡಿ. ಆದರೆ ಅವಧಿ ಉಳಿಸಿಕೊಳ್ಳುವ ವಿಚಾರದಲ್ಲಿ ಸಹಿಯುಳ್ಳ ಕಾಗದಕ್ಕೆ ಇರುವ ಬಲವನ್ನು ಸಂದೇಶದ ಮೇಲೆ ಹೊರಿಸುವುದು ಜಾಣತನವಲ್ಲ.

ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂಬುದು ನಮಗೆ ಹೊಸ ಉಪದೇಶವೇ? ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ಮದ್ರಸದ ಮಗುವೂ ಹೇಳುತ್ತದೆ. ಅಲ್ ಬಕರಃ ಅಧ್ಯಾಯದ ಆ ಸೂಕ್ತ ಇರುವುದು ಸಾಲವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತು. ಅದನ್ನು ಸುಶ್ರಾವ್ಯವಾಗಿ ಪಠಿಸುವ ನಾವು ಅದೇ ದಿನ ಮಧ್ಯಾಹ್ನ ಎರಡು ಲಕ್ಷದ ಕೆಲಸವನ್ನು ‘ನಮ್ಮವರೇ ಬಿಡಿ’ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುತ್ತೇವೆ. ಬರೆಯಿರಿ ಎಂದರೆ ಅಪನಂಬಿಕೆ ತೋರಿಸಿದಂತಾಗುತ್ತದಂತೆ! ನಮ್ಮ ಊರುಗಳ ಚರಿತ್ರೆಯನ್ನಾದರೂ ನೋಡೋಣ. 1787ರಲ್ಲಿ ಟಿಪ್ಪು ಸುಲ್ತಾನರಿಗೂ ಮರಾಠರಿಗೂ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ಇದೆ. 48 ಲಕ್ಷ ರೂಪಾಯಿ ಕೊಡುವ ಕರಾರು ಅದರಲ್ಲಿತ್ತು. ಕತ್ತಿ ಹಿಡಿದು ಕಾದಾಡಿದವರೇ ಹಣದ ಮಾತನ್ನು ಕಾಗದಕ್ಕಿಳಿಸಿದರು. ನಾವು ಥಾಪಿ ಹಿಡಿದವರು ಯಾಕೆ ಸಂಕೋಚಪಡಬೇಕು?

ಹಾಗೆಂದು ಬರಹದ ಕರಾರಿಲ್ಲದವನಿಗೆ ಹಕ್ಕೇ ಇಲ್ಲವೆಂದು ಭಾವಿಸಬೇಡಿ. ಬಾಯಿಮಾತಿನ ಕರಾರು ಕೂಡ ಕಾನೂನಿನ ದೃಷ್ಟಿಯಲ್ಲಿ ಕರಾರೇ. ಕಷ್ಟವಿರುವುದು ಅದನ್ನು ಸಾಬೀತುಪಡಿಸುವುದರಲ್ಲಿ. 1872ರ ಕರಾರು ಕಾಯ್ದೆಯ 70ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ, ಕಾನೂನುಬದ್ಧವಾಗಿ ಒಬ್ಬನು ಇನ್ನೊಬ್ಬನಿಗಾಗಿ ಕೆಲಸ ಮಾಡಿ, ಆ ಇನ್ನೊಬ್ಬನು ಅದರ ಪ್ರಯೋಜನವನ್ನು ಅನುಭವಿಸಿದರೆ, ತಕ್ಕ ಪರಿಹಾರ ಕೊಡಲೇಬೇಕು. 1961ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪಶ್ಚಿಮ ಬಂಗಾಳ ಸರಕಾರ ಮತ್ತು ಬಿ.ಕೆ. ಮೊಂಡಲ್ ಅಂಡ್ ಸನ್ಸ್ ಮೊಕದ್ದಮೆ ಇದಕ್ಕೆ ಆಧಾರಸ್ತಂಭ. ಆ ಗುತ್ತಿಗೆ ಸಂಸ್ಥೆಯು ಸರಕಾರದ ನಾಗರಿಕ ಸರಬರಾಜು ಇಲಾಖೆಗಾಗಿ ಕಚ್ಚಾ ರಸ್ತೆ, ಕೊಠಡಿಗಳು ಇತ್ಯಾದಿ ಕಟ್ಟಿಕೊಟ್ಟಿತ್ತು. ವಿಧಿಬದ್ಧ ಕರಾರು ಆಗಿರಲಿಲ್ಲ. ಕರಾರಿಲ್ಲ, ಆದ್ದರಿಂದ ಹಣವಿಲ್ಲ ಎಂದಿತು ಸರಕಾರ. ಕಟ್ಟಡವನ್ನು ಸ್ವೀಕರಿಸಿ ಬಳಸಿದ ಮೇಲೆ ಹಾಗೆನ್ನಲಾಗದು ಎಂದಿತು ನ್ಯಾಯಾಲಯ.

ಆದರೆ ನ್ಯಾಯಾಲಯದ ತತ್ವಕ್ಕೂ ಬಡವನ ಜೀವನಕ್ಕೂ ಇರುವ ಅಂತರವನ್ನು ನಾವು ಮರೆಯಬಾರದು. ಬೆಳಗಾವಿ ಬಳಿಯ ಹಿಂಡಲಗಾ ಗ್ರಾಮದಲ್ಲಿ ಸುಮಾರು ನಾಲ್ಕು ಕೋಟಿ ರೂಪಾಯಿಯ ಕಾಮಗಾರಿ ಮಾಡಿದ್ದೇನೆ, ಬಿಲ್ ಪಾವತಿಯಾಗಿಲ್ಲ, ಶೇಕಡಾ 40ರ ಕಮಿಷನ್ ಕೇಳುತ್ತಿದ್ದಾರೆ ಎಂದು ದೂರಿದ್ದ ಗುತ್ತಿಗೆದಾರ ಸಂತೋಷ್ ಪಾಟೀಲರ ಮೃತದೇಹ 2022ರ ಏಪ್ರಿಲ್‌ನಲ್ಲಿ ಉಡುಪಿಯ ವಸತಿಗೃಹವೊಂದರಲ್ಲಿ ಸಿಕ್ಕಿತು. ಆರೋಪಕ್ಕೆ ಗುರಿಯಾದ ಸಚಿವ ಕೆ.ಎಸ್. ಈಶ್ವರಪ್ಪ ರಾಜೀನಾಮೆ ನೀಡಿದರು. ಅದೇ ಜುಲೈಯಲ್ಲಿ ಪೊಲೀಸರು ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದು ‘ಬಿ’ ವರದಿ ಸಲ್ಲಿಸಿದರು. ಆ ಕಾಮಗಾರಿಗಳಿಗೆ ಕಾರ್ಯಾದೇಶವೇ ಇರಲಿಲ್ಲ ಎಂಬುದು ಸರಕಾರದ ಕಡೆಯ ಉತ್ತರವಾಗಿತ್ತು. ಯಾರದು ತಪ್ಪು ಎಂಬ ತೀರ್ಪನ್ನು ನಾವಿಲ್ಲಿ ಕೊಡುವುದಿಲ್ಲ. ಆದರೆ ಗಮನಿಸಿ: ಊರಿನ ರಸ್ತೆ, ಚರಂಡಿ ಎಲ್ಲರ ಕಣ್ಣ ಮುಂದೆ ಇದ್ದವು, ಕಾರ್ಯಾದೇಶವೆಂಬ ಕಾಗದ ಇರಲಿಲ್ಲ. ಆ ಗುತ್ತಿಗೆದಾರರ ಕೆಳಗೆ ಜಲ್ಲಿ ಸುರಿದವರು, ಕಾಂಕ್ರೀಟ್ ಹಾಕಿದವರು ಏನಾದರು ಎಂದು ಎಷ್ಟು ಮಂದಿ ವಿಚಾರಿಸಿದೆವು? ಸರಕಾರಗಳು ಬದಲಾದವು. ಸಾವಿರಾರು ಕೋಟಿ ಬಿಲ್ ಬಾಕಿಯಿದೆ ಎಂಬ ಗುತ್ತಿಗೆದಾರರ ಸಂಘದ ಕೂಗು ಮಾತ್ರ ಆ ಸರಕಾರದಿಂದ ಈ ಸರಕಾರಕ್ಕೆ ಹಾಗೆಯೇ ಮುಂದುವರಿಯಿತು. ಇಂಥ ಸಾವುಗಳನ್ನು ಚುನಾವಣೆಯ ಭಾಷಣಕ್ಕೆ ಬಳಸಿ ಮರೆಯುವುದರಲ್ಲಿ ನಮ್ಮ ಪಕ್ಷಗಳಲ್ಲಿ ಅಂಥ ಭೇದವೇನೂ ಕಾಣುವುದಿಲ್ಲ.

ಈಗ ನಮ್ಮ ಮೂರು ತಾಲೂಕುಗಳ ಕೆಲಸದ ಸ್ವರೂಪಕ್ಕೆ ಬರೋಣ. ಇಲ್ಲಿ ಜಗಳ ಹುಟ್ಟುವುದು ಬಹುತೇಕ ನೆಲದಡಿಯಲ್ಲಿ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ನರಗುಂದದ ಕಡೆ ಅಂತರ್ಜಲ ಮೇಲೇರಿ ಮನೆಯೊಳಗಿನ ನೆಲವೇ ಕುಸಿದ ಸಂಗತಿ ನಿಮಗೆ ಗೊತ್ತಿದೆ. ಅಂದಾಜಿನಲ್ಲಿ ನಾಲ್ಕು ಅಡಿ ಬರೆದ ಬುನಾದಿ ಗಟ್ಟಿ ನೆಲ ಸಿಗುವ ತನಕ ಆರು ಅಡಿ, ಏಳು ಅಡಿ ಇಳಿಯುತ್ತದೆ. ಹೆಚ್ಚಿನ ಅಗೆತ, ಹೆಚ್ಚಿನ ಕಲ್ಲು, ಹೆಚ್ಚಿನ ಆಳುಗಳು. ಮಣ್ಣು ಮುಚ್ಚಿದ ಮೇಲೆ ಆ ಕೆಲಸಕ್ಕೆ ಸಾಕ್ಷಿ ಯಾರು? ‘ನಾಲ್ಕು ಅಡಿಗೆ ಮಾತಾಗಿತ್ತು’ ಎಂದು ಮಾಲೀಕನು ಹೇಳಿದರೆ ಗೋಡೆಯನ್ನು ಕಿತ್ತು ತೋರಿಸಲಾದೀತೇ? ಆದ್ದರಿಂದ ಮಣ್ಣು ಮುಚ್ಚುವ ಮುನ್ನ ಟೇಪನ್ನು ಬುನಾದಿಗೆ ಇಳಿಬಿಟ್ಟು ಫೋಟೋ ತೆಗೆಯಿರಿ. ಸ್ಲ್ಯಾಬಿನ ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕುವ ಮುನ್ನ ಇನ್ನೊಂದು. ಹೆಚ್ಚುವರಿ ಕೆಲಸ ಹೇಳಿದವರಿಂದ ಅಂದೇ ಎರಡು ಸಾಲು ಬರೆಸಿಕೊಳ್ಳಿ, ಬರೆಯದಿದ್ದರೆ ‘ನೀವು ಹೇಳಿದಂತೆ ಇಂದು ಇಷ್ಟು ಹೆಚ್ಚಿಗೆ ಮಾಡಿದ್ದೇವೆ’ ಎಂದು ನೀವೇ ಸಂದೇಶ ಕಳಿಸಿ. ಹಾಜರಿ ಪುಸ್ತಕ, ಸಿಮೆಂಟಿನ ರಸೀತಿ, ಟ್ರ್ಯಾಕ್ಟರ್ ಬಾಡಿಗೆಯ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಡಿ. ನ್ಯಾಯಾಲಯದಲ್ಲಿ ಈ ಚೀಲವೇ ನಿಮ್ಮ ಪರವಾಗಿ ಮಾತಾಡುವುದು.

ಗಜೇಂದ್ರಗಡದ ಗುಡ್ಡದ ಮೇಲೆ, ರೋಣದ ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದವು. ಅಲ್ಲಿ ಕಂಪೆನಿಯಿಂದ ದೊಡ್ಡ ಗುತ್ತಿಗೆದಾರನಿಗೆ, ಅವನಿಂದ ಇನ್ನೊಬ್ಬನಿಗೆ, ಅವನಿಂದ ನಮ್ಮ ಮೇಸ್ತ್ರಿಗೆ ಕೆಲಸ ಇಳಿಯುತ್ತದೆ. ಇಂಥ ಸರಪಳಿಯಲ್ಲಿ ಮಧ್ಯದ ಒಂದು ಕೊಂಡಿ ಕಳಚಿದರೆ ಕೆಳಗಿನವನಿಗೆ ಹಿಡಿಯಲು ಏನೂ ಇರುವುದಿಲ್ಲ, ಏಕೆಂದರೆ ಅವನ ಕರಾರು ಇರುವುದು ತನ್ನ ಮೇಲಿನವನೊಡನೆ ಮಾತ್ರ. ಕಂಪೆನಿಯ ಕಚೇರಿಗೆ ಹೋದರೆ ‘ನೀವು ಯಾರು?’ ಎನ್ನುತ್ತಾರೆ. ಸರಕಾರಿ ಕಾಮಗಾರಿಯಲ್ಲೂ ಇದೇ ಕಥೆ. ಇಲಾಖೆಯ ಅನುಮತಿಯಿಲ್ಲದೆ ಒಳಗುತ್ತಿಗೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧವಾದ್ದರಿಂದ ನಮ್ಮ ಮೇಸ್ತ್ರಿ ದಾಖಲೆಯಲ್ಲಿ ಇರುವುದೇ ಇಲ್ಲ.

ಮೇಲಿನವನ ಮಾಮೂಲಿ ನೆಪವಾದ ‘ಬಿಲ್ ಆಗಿಲ್ಲ’ ಎಂಬುದು ನಿಜವೋ ಸುಳ್ಳೋ ಎಂದು ಸರಕಾರಿ ಕಾಮಗಾರಿಯಲ್ಲಾದರೆ ನೀವೇ ತಿಳಿಯಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯವನ್ನು 150 ಪದಗಳೊಳಗೆ ಬರೆದು ಕೇಳಿರಿ: ಈ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ, ಈವರೆಗೆ ಪಾವತಿಯಾದ ಬಿಲ್ಲುಗಳು, ಇಲಾಖೆಯಲ್ಲಿ ಉಳಿದಿರುವ ಭದ್ರತಾ ಠೇವಣಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಿಲ್ ಎಂದೋ ಆಗಿ ಹಣ ಎಂದೋ ಸಂದಿತ್ತು ಎಂದು ಗೊತ್ತಾದರೆ ಮುಂದಿನ ಮಾತುಕತೆಯ ಧಾಟಿಯೇ ಬೇರೆ. ಭದ್ರತಾ ಠೇವಣಿಯ ವಿಚಾರ ಏಕೆ ಮುಖ್ಯ? ನಿಮಗೆ ಡಿಕ್ರಿ ಆದಾಗ, ಮೂಲ ಗುತ್ತಿಗೆದಾರನಿಗೆ ಬೇರೆಯವರಿಂದ ಬರಬೇಕಾದ ಹಣವನ್ನು ಅಲ್ಲೇ ತಡೆದು ನಿಮಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆಸ್ತಿಯನ್ನು ಪರಭಾರೆ ಮಾಡಿ ತಪ್ಪಿಸಿಕೊಳ್ಳುವ ಹುನ್ನಾರ ಕಂಡರೆ ತೀರ್ಪಿಗೆ ಮುನ್ನವೇ ಜಪ್ತಿ ಕೇಳಬಹುದು. ಹಣ ಎಲ್ಲಿ ನಿಂತಿದೆ ಎಂದು ತಿಳಿದಿರುವವನಿಗೆ ಮಾತ್ರ ಇವೆಲ್ಲ ಪ್ರಯೋಜನಕಾರಿ.

ಇನ್ನು, ಬಿಲ್ ನಿಜವಾಗಿಯೂ ಆಗಿರದಿದ್ದರೆ? ಮೇಲಿನವನಿಗೆ ಹಣ ಬಂದ ಮೇಲೆಯೇ ನನಗೆ ಕೊಡಲಿ ಎಂದು ನೀವು ಕರಾರಿನಲ್ಲಿ ಒಪ್ಪಿದ್ದರೆ ಆ ಷರತ್ತು ನಿಮ್ಮನ್ನು ಕಟ್ಟಿಹಾಕೀತು. ಒಪ್ಪಿಲ್ಲದಿದ್ದರೆ ಅವನ ಬಿಲ್ಲಿಗೂ ನಿಮ್ಮ ಕೂಲಿಗೂ ಸಂಬಂಧವಿಲ್ಲ. ಬ್ರಿಟನ್ನಿನಲ್ಲಿ 1996ರ ಕಾನೂನು ಇಂಥ ಷರತ್ತನ್ನೇ ಬಹುಮಟ್ಟಿಗೆ ಅಸಿಂಧುಗೊಳಿಸಿ, ವಿವಾದವನ್ನು ಒಬ್ಬ ನಿರ್ಣಾಯಕನು 28 ದಿನಗಳಲ್ಲಿ ತೀರ್ಮಾನಿಸುವ ವ್ಯವಸ್ಥೆ ಮಾಡಿತು. ಮಲೇಷ್ಯಾ 2012ರಲ್ಲಿ ಅಂಥದೇ ಕಾನೂನು ತಂದು 2014ರಿಂದ ಜಾರಿಗೊಳಿಸಿತು. ನಮ್ಮ ದೇಶದಲ್ಲಿ ನಿರ್ಮಾಣ ಕ್ಷೇತ್ರದ ಪಾವತಿಗೆಂದೇ ಅಂಥ ಪ್ರತ್ಯೇಕ ಕಾನೂನು ಇಲ್ಲ. ಮೀಸಲಾತಿಯ ಮಸೂದೆಗೆ ಹೋರಾಡುವ ನಮ್ಮ ನಾಯಕರು ಇದಕ್ಕೂ ಒಂದು ಮಾತು ಆಡಿದರೆ ಎಲ್ಲ ಸಮುದಾಯಗಳ ದುಡಿಯುವವರಿಗೂ ಉಪಕಾರವಾಗುತ್ತಿತ್ತು.

ಚೆಕ್ ಕೊಟ್ಟಿದ್ದಾರೆಯೇ? ಹಾಗಾದರೆ ನಿಮ್ಮ ಕೈಯಲ್ಲಿ ಬಲವಾದ ಅಸ್ತ್ರವಿದೆ, ಆದರೆ ಅದರ ಗಡುವುಗಳು ಬಿಗಿ. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಅಮಾನ್ಯವಾಗಿ ಮರಳಿದ ಸುದ್ದಿ ತಿಳಿದ 30 ದಿನಗಳಲ್ಲಿ ಲಿಖಿತ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಅವನಿಗೆ 15 ದಿನಗಳ ಅವಕಾಶ. ಆಮೇಲೆ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಎರಡು ವರ್ಷದವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿದೆ. 2018ರ ತಿದ್ದುಪಡಿಯಂತೆ ಮೊಕದ್ದಮೆ ನಡೆಯುತ್ತಿರುವಾಗಲೇ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ‘ಈಗ ಹಾಕಬೇಡ, ಹೇಳಿದಾಗ ಹಾಕು’ ಎಂಬ ಮಾತಿಗೆ ಮರುಳಾಗಿ ಚೆಕ್ಕನ್ನು ಕಪಾಟಿನಲ್ಲಿ ಹಳಸಲು ಬಿಡುವವರೇ ನಮ್ಮಲ್ಲಿ ಹೆಚ್ಚು.

ಚೆಕ್ ಇಲ್ಲದವರು ವಕೀಲರ ಮೂಲಕ ಒಂದು ನೋಟಿಸು ಕಳಿಸಿ ಆರಂಭಿಸಬಹುದು. ಎಷ್ಟೋ ಬಾಕಿಗಳು ಅಷ್ಟಕ್ಕೇ ಮಾತುಕತೆಗೆ ಬರುತ್ತವೆ. ಲಿಖಿತ ಕರಾರು ಇದ್ದು ಮೊತ್ತ ಖಚಿತವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆ ಹೂಡಲು ಸಾಧ್ಯ. ಅಲ್ಲಿ ಪ್ರತಿವಾದಿಗೆ ಸುಮ್ಮನೆ ವಾಯಿದೆ ಕೇಳುತ್ತಾ ಕಾಲ ತಳ್ಳುವ ಅವಕಾಶ ಕಡಿಮೆ. ನಿರ್ಮಾಣ ಕರಾರಿನ ವಿವಾದವು ಮೂರು ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟಿದ್ದರೆ ಅದು ವಾಣಿಜ್ಯ ವಿವಾದವೆನಿಸುತ್ತದೆ. ತುರ್ತು ಪರಿಹಾರ ಬೇಕಿಲ್ಲದಿದ್ದರೆ, ದಾವೆಗೆ ಮುನ್ನ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಇದು ಕಾಟಾಚಾರದ ಹೆಜ್ಜೆಯಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ಮಧ್ಯಸ್ಥಿಕೆಯ ದಿನಗಳು ಕಾಲಪರಿಮಿತಿಯಲ್ಲಿ ಎಣಿಕೆಯಾಗುವುದಿಲ್ಲ. ಕರಾರಿನಲ್ಲಿ ಪಂಚಾಯ್ತಿದಾರರ ಷರತ್ತು ಇದೆಯೇ ಎಂದೂ ವಕೀಲರಿಗೆ ಮೊದಲೇ ತೋರಿಸಿ.

ಉದ್ಯಮ್ ನೋಂದಣಿಯ ಬಗ್ಗೆ ಬಹಳ ಮಂದಿ ಕೇಳಿದ್ದಾರೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಸಣ್ಣವನ ಪಾಲಿಗೆ ಬಹಳ ಅನುಕೂಲಕರ. ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಗೆ 45 ದಿನಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರಿಗೆ ರಾಜ್ಯಮಟ್ಟದ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಅದರ ತೀರ್ಪನ್ನು ಪ್ರಶ್ನಿಸಬೇಕೆಂದರೆ ಕೊಡಬೇಕಾದವನು ಮುಕ್ಕಾಲು ಪಾಲು ಹಣವನ್ನು ಮೊದಲು ಠೇವಣಿಯಿಡಬೇಕು. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು. ನೋಂದಾಯಿತ ಸಣ್ಣ ಉದ್ಯಮಕ್ಕೆ ಅವಧಿಯೊಳಗೆ ಹಣ ಕೊಡದವನು, ಕೊಡುವ ತನಕ ಆ ವೆಚ್ಚವನ್ನು ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಮಾರ್ಚ್ ತಿಂಗಳಲ್ಲಿ ದೊಡ್ಡ ಗುತ್ತಿಗೆದಾರರಿಗೆ ನಿಮ್ಮ ನೆನಪು ಬರಲು ಇದೂ ಒಂದು ಕಾರಣವಾದೀತು.

ಆದರೆ ಇಲ್ಲಿ ಎರಡು ತೊಡಕುಗಳಿವೆ, ಮುಚ್ಚಿಟ್ಟು ಹೇಳುವುದು ನ್ಯಾಯವಲ್ಲ. ಕೂಲಿಯೂ ಸಾಮಾನೂ ಬೆರೆತ ಕಾಮಗಾರಿ ಗುತ್ತಿಗೆ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟ್ ಸೇರಿದಂತೆ ಕೆಲವು ನ್ಯಾಯಾಲಯಗಳು ಹೇಳಿವೆ. ಹೀಗಾಗಿ ಬರೀ ಕೂಲಿಯ ಕೆಲಸ ಹಿಡಿಯುವವನು, ಬರೀ ಜಲ್ಲಿ, ಇಟ್ಟಿಗೆ, ಗ್ರಿಲ್ ತಯಾರಿಸಿ ಪೂರೈಸುವವನು ಹೆಚ್ಚು ಸುರಕ್ಷಿತ. ಎರಡನೆಯದು, ಕೆಲಸ ಹಿಡಿದ ಮೇಲೆ ಮಾಡಿಸಿದ ನೋಂದಣಿ ಹಿಂದಿನ ಬಾಕಿಗೆ ನೆರವಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ವಿವಾದ ಏನೇ ಆಗಲಿ, ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಹೊಸ ಕೆಲಸ ಹಿಡಿಯುವ ಮುನ್ನವೇ ಮಾಡಿಸಿಬಿಡಿ. ಹಣ ಕೇಳುವ ದಲ್ಲಾಳಿಗಳಿಂದ ದೂರವಿರಿ.

ಮೂರು ಪಟ್ಟು ಬಡ್ಡಿ ಎಂದ ಕೂಡಲೇ ಹಿರಿಯರೊಬ್ಬರ ಹುಬ್ಬು ಮೇಲೇರಿತು, ನಾವು ಗಮನಿಸಿದೆವು. ಅದು ಸಹಜ. ಅಸಲು ನಿಮ್ಮ ಬೆವರಿನ ಹಣ, ಅದರಲ್ಲಿ ಸಂಶಯವಿಲ್ಲ. ಬಡ್ಡಿಯ ವಿಷಯವನ್ನು ನಿಮ್ಮ ನಂಬಿಕೆಯ ಉಲೇಮಾರೊಡನೆ ಕೇಳಿ ತೀರ್ಮಾನಿಸಿ. ವ್ಯವಹಾರದಲ್ಲಿ ನಾವು ಕಂಡದ್ದು ಇಷ್ಟು: ಬಡ್ಡಿಯನ್ನು ಬಿಟ್ಟುಕೊಡುತ್ತೇನೆ, ಅಸಲನ್ನು ಇಂತಿಷ್ಟು ದಿನಗಳಲ್ಲಿ ಪೂರ್ತಿ ಕೊಡು ಎಂಬ ಮಾತು ರಾಜಿಯ ಮೇಜಿನಲ್ಲಿ ಬಹಳ ಬೇಗ ಕೆಲಸ ಮಾಡುತ್ತದೆ.

ಆತುರದಲ್ಲಿ ಮಾಡಬಾರದ ಕೆಲಸಗಳೂ ಇವೆ. ಹಣ ಕೊಡಲಿಲ್ಲವೆಂದು ರಾತ್ರಿ ಹೋಗಿ ಕೂಡಿಸಿದ ಕಿಟಕಿ, ನಲ್ಲಿ, ಮೋಟಾರು ಕಿತ್ತು ತಂದರೆ ಕಳ್ಳತನದ, ಅತಿಕ್ರಮ ಪ್ರವೇಶದ ಆರೋಪ ನಿಮ್ಮ ಮೇಲೆಯೇ ಬೀಳುತ್ತದೆ. ಅಮೆರಿಕದ ರಾಜ್ಯಗಳಲ್ಲಿ ಹಣ ಬಾರದ ಕೆಲಸಗಾರನು ಕಟ್ಟಡದ ಮೇಲೆಯೇ ಹಕ್ಕು ದಾಖಲಿಸಬಹುದು. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಆದರೆ ಗ್ರಿಲ್ ಮಾಡುವವನು, ಬಡಗಿ ಇವರಿಗೆ ಒಂದು ಅನುಕೂಲವಿದೆ. ಸಾಮಾನು ಇನ್ನೂ ನಿಮ್ಮ ಅಂಗಡಿಯಲ್ಲೇ ಇದ್ದರೆ, ಉದ್ದರಿಯ ಮಾತಾಗಿರದಿದ್ದರೆ, ಹಣ ಸಂದಾಯವಾಗುವ ತನಕ ಅದನ್ನು ಇಟ್ಟುಕೊಳ್ಳುವ ಹಕ್ಕು ಕಾನೂನಿನಲ್ಲಿದೆ. ಪೊಲೀಸ್ ಠಾಣೆಗೆ ಓಡುವುದೂ ಸಾಮಾನ್ಯವಾಗಿ ಫಲ ಕೊಡುವುದಿಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಲಾಗದಿದ್ದರೆ ಅದು ಸಿವಿಲ್ ವ್ಯವಹಾರ. ಊರಿನ ಪುಢಾರಿಯನ್ನು ವಸೂಲಿಗೆ ಹಚ್ಚುವವರಿಗೆ ನಾವು ಹೇಳುವುದೇನಿದೆ? ಬಂದದ್ದರಲ್ಲಿ ಅರ್ಧ ಅವನಿಗೇ ಹೋಗುತ್ತದೆ.

ಇನ್ನೊಂದು ಬಗೆಯ ಬಾಕಿಯ ಕುರಿತು ಬೇರೆಯೇ ರೀತಿಯಲ್ಲಿ ಯೋಚಿಸಬೇಕಾಗಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ಮತ್ತು ರೋಣ ತಾಲೂಕುಗಳ ಹೊಳೆದಂಡೆಯ ಊರುಗಳಲ್ಲಿ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಬುನಾದಿ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ, ಫೋಟೋ ದಾಖಲಾದ ಮೇಲೆ ಕಂತು ಬರುವ ವ್ಯವಸ್ಥೆ ಅದು. ಕಂತು ತಡವಾದರೆ ಮನೆಯ ಯಜಮಾನನೂ ಬಡವ, ಗೌಂಡಿಯೂ ಬಡವ. ಕೊಡಲಾಗದವನು ಬೇರೆ, ಇದ್ದೂ ಕೊಡದವನು ಬೇರೆ. ಇಕ್ಕಟ್ಟಿನಲ್ಲಿರುವವನಿಗೆ ಕಾಲಾವಕಾಶ ಕೊಡಲು ನಮ್ಮ ಧರ್ಮ ಪ್ರೇರೇಪಿಸುತ್ತದೆ, ಉಳ್ಳವನ ವಿಳಂಬವನ್ನು ಅನ್ಯಾಯವೆಂದೇ ಎಣಿಸುತ್ತದೆ. ಅಂಥ ಮನೆಗಳ ಕೆಲಸ ಹಿಡಿಯುವಾಗ ನಿಮ್ಮ ಕರಾರನ್ನೂ ಸರಕಾರಿ ಕಂತಿನ ಹಂತಗಳಿಗೇ ಹೊಂದಿಸಿ, ಒಂದು ಹಂತದ ಹಣ ಬಾರದೆ ಮುಂದಿನ ಹಂತಕ್ಕೆ ಕೈ ಹಾಕಬೇಡಿ. ಬಾಕಿ ಉಳಿದಿದ್ದರೆ ದಾವೆಗಿಂತ ಲೋಕ ಅದಾಲತ್ ಲೇಸು. ದಾವೆ ಹೂಡುವ ಮುನ್ನವೇ ಅಲ್ಲಿಗೆ ಅರ್ಜಿ ಕೊಡಬಹುದು. ಇಬ್ಬರೂ ಒಪ್ಪಿದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ.

ಈಗ ನಮ್ಮ ಕಡೆಗೇ ತಿರುಗಿ ನೋಡುವ ಮಾತು, ಕಹಿಯಾದರೂ ಕೇಳಬೇಕು. ಮೇಲಿನವನು ಕೊಡಲಿಲ್ಲವೆಂದು ದೂರುವ ಮೇಸ್ತ್ರಿ ತನ್ನ ಕೆಳಗಿನ ಆಳಿಗೆ ಕೊಟ್ಟಿದ್ದಾನೆಯೇ? ಕೂಲಿಯ ಕುರಿತ ಪ್ರವಾದಿವರ್ಯರ (ಸ) ವಚನ ನಮಗೆಲ್ಲ ಬಾಯಿಪಾಠ. ಆದರೆ ಸುಣ್ಣ ಹೊತ್ತ ಹೆಣ್ಣುಮಗಳಿಗೆ ಶನಿವಾರ ಸಂಜೆ ‘ಬಿಲ್ ಆಗಿಲ್ಲಮ್ಮ’ ಎಂದು ಅದೇ ವಾಕ್ಯವನ್ನು ದಾಟಿಸುತ್ತೇವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೂಲಿಕಾರರ ಮಟ್ಟಿಗೆ ಮೇಸ್ತ್ರಿಯೇ ಉದ್ಯೋಗದಾತ. ಅವನು ಕೊಡದಿದ್ದರೆ ಕೆಲಸ ನಡೆದ ಸಂಸ್ಥೆಯ ಒಡೆಯ ಹೊಣೆ. ಕೂಲಿಕಾರರು ಮೂರು ವರ್ಷದೊಳಗೆ ಕಾರ್ಮಿಕ ಇಲಾಖೆಯ ಮೂಲಕ ಹಕ್ಕು ಕೇಳಬಹುದು. ಇದನ್ನು ಮೇಸ್ತ್ರಿಗಳು ಬೆದರಿಕೆಯೆಂದು ತಿಳಿಯಬೇಕಾಗಿಲ್ಲ. ನಿಮ್ಮ ಆಳುಗಳ ಹಾಜರಿ ಮತ್ತು ಕೂಲಿಯ ಲೆಕ್ಕ ಸರಿಯಿದ್ದರೆ, ಅವರ ಹಕ್ಕಿನ ಅರ್ಜಿಯೇ ಮೇಲಿನವರನ್ನು ಮಾತುಕತೆಗೆ ತರುವ ದಾರಿಯಾದೀತು.

ನಮ್ಮ ಸಂಸ್ಥೆಗಳೂ ಇದರಿಂದ ಹೊರತಲ್ಲ. ಮಸೀದಿಯ ವಿಸ್ತರಣೆ, ಶಾದಿ ಮಹಲ್, ಶಾಲೆಯ ಕೊಠಡಿ ಕಟ್ಟಿಸುವ ಸಮಿತಿಗಳು ಮೇಸ್ತ್ರಿಯ ಬಾಕಿಯನ್ನು ವರ್ಷಗಟ್ಟಲೆ ಎಳೆದು, ಕೊನೆಗೆ ‘ಅಲ್ಲಾಹನ ಮನೆಯ ಕೆಲಸ, ಪುಣ್ಯವೆಂದು ಬಿಡಿ’ ಎನ್ನುವುದುಂಟು. ದಾನ ಕೊಡುವವನು ತನ್ನಿಚ್ಛೆಯಿಂದ ಕೊಡಬೇಕು. ಕೂಲಿಯನ್ನು ತಡೆದಿಟ್ಟು ದಾನವೆಂದು ಬರೆದುಕೊಳ್ಳುವ ಅಧಿಕಾರವನ್ನು ಸಮಿತಿಗೆ ಕೊಟ್ಟವರು ಯಾರು? ಪ್ರತಿಯೊಂದು ಜಮಾಅತ್ ತನ್ನ ವಾರ್ಷಿಕ ಲೆಕ್ಕದಲ್ಲಿ ಕೆಲಸಗಾರರ ಬಾಕಿಯನ್ನು ಬೇರೆ ಸಾಲಿನಲ್ಲಿ ಓದಿ ಹೇಳಲಿ ಎಂದು ಈ ಸಭೆಯ ಮೂಲಕ ನಾವು ಕೋರುತ್ತೇವೆ.

ಸಭೆಯ ನಂತರ ತಮ್ಮ ತಮ್ಮ ಪ್ರಕರಣ ಹೇಳಿಕೊಳ್ಳಲು ಬಯಸುವವರು ಇಲ್ಲಿಯೇ ಉಳಿಯಿರಿ. ವಕೀಲ ಮಿತ್ರರು ಕುಳಿತಿರುತ್ತಾರೆ. ಮೊದಲು ಕೆಲಸ ಮುಗಿದ ತಾರೀಖನ್ನು ಹೇಳಿ, ಆಮೇಲೆ ಮೊತ್ತವನ್ನು. ಎರಡೂವರೆ ವರ್ಷ ದಾಟಿದವರು ಸಾಲಿನಲ್ಲಿ ಮುಂದೆ ಬನ್ನಿ, ಉಳಿದವರು ದಯವಿಟ್ಟು ಅವರಿಗೆ ದಾರಿ ಬಿಡಿ. ವಕೀಲರ ಶುಲ್ಕ ಭರಿಸಲಾಗದವರಿಗೆ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ, ಗದಗದ ಜಿಲ್ಲಾ ಪ್ರಾಧಿಕಾರದಲ್ಲಿ ಉಚಿತ ನೆರವು ಇದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯೇ ಇಲ್ಲ. ದೂರವಾಣಿ 15100. ಚೀಲ ತಂದವರು ಚೀಲ ಬಿಚ್ಚಿ, ತಾರದವರು ಮನೆಗೆ ಹೋದ ಮೇಲೆ ಇಂದೇ ರಾತ್ರಿ ಹಾಜರಿ ಪುಸ್ತಕವನ್ನು ಹುಡುಕಿ ತೆಗೆದಿಡಿ.